ಮಂಡಕ್ಕಿಯವರು ಗುಂಪು ಸೇರಿದ ದಿನ

ಫೋನ್ ಬಂದಾಗ ನಾನು ಬ್ಲೌಸೊಂದಕ್ಕೆ ತೋಳು ಕೂಡಿಸುತ್ತಿದ್ದೆ. ರಿಂಗಾದದ್ದು ನನ್ನ ಫೋನಲ್ಲ, ನಮ್ಮವರದು. ಅವರು ಹೋಗಿ ಏಳು ತಿಂಗಳಾಗಿತ್ತು. ಆ ಫೋನನ್ನು ನಾನು ದಿನಾ ಚಾರ್ಜಿಗೆ ಹಾಕುತ್ತಿದ್ದೆ, ಮರೆಯದೆ ಕರೆನ್ಸಿಯನ್ನೂ ಹಾಕಿಸುತ್ತಿದ್ದೆ. ಸೈಟ್ ಬೇಕಾ ಎಂದು ಕೇಳುವವರನ್ನು ಬಿಟ್ಟರೆ ಅದಕ್ಕೆ ಯಾರೂ ಫೋನ್ ಮಾಡುತ್ತಿರಲಿಲ್ಲ.

"ಸರ್ ಇದಾರೇನ್ರಿ?" ಹೆಣ್ಣುಮಗಳ ದನಿ.

"ಅವರು ಇಲ್ಲರಿ" ಅಂದೆ.

"ಎಷ್ಟೊತ್ತಿಗೆ ಬರ್ತಾರ್ರಿ?"

ನಮ್ಮ ಭಾಷೆಯಲ್ಲಿ ಇದೊಂದು ತೊಂದರೆ. ಪೇಟೆಗೆ ಹೋದವರಿಗೂ ಇಲ್ಲ ಅನ್ನುತ್ತೇವೆ, ತೀರಿಹೋದವರಿಗೂ ಇಲ್ಲ ಅನ್ನುತ್ತೇವೆ.

"ಬರಲ್ಲ ರಿ. ಏಳು ತಿಂಗಳಾತು."

ಫೋನ್ ಮಾಡಿದವರು ತಮ್ಮ ಪರಿಚಯ ಹೇಳಿದರು. ಆಕೆ ದಾವಣಗೆರೆಯ ಒಂದು ಸಣ್ಣ ವಾಚನಾಲಯದ ಗ್ರಂಥಪಾಲಕಿ. ಹಿಂದಿನ ಮಳೆಗಾಲದಲ್ಲಿ ನಮ್ಮವರು ಅಲ್ಲಿಗೆ ಬಂದು ಆಕಾಶದ ವಿಷಯ ಮಾತಾಡುವುದೆಂದು ನಿಗದಿಯಾಗಿತ್ತಂತೆ. ಅಷ್ಟರಲ್ಲಿ ಚಾವಣಿ ಸೋರಿ, ರಿಪೇರಿಯಾದ ಮೇಲೆ ಇಟ್ಟುಕೊಳ್ಳೋಣ ಎಂದಾಗಿತ್ತಂತೆ. ರಿಪೇರಿ ಈಗ ಮುಗಿದಿತ್ತು. "ತಪ್ಪು ತಿಳ್ಕಬ್ಯಾಡ್ರಿ ಅಕ್ಕಾ, ಗೊತ್ತಿರ್ಲಿಲ್ಲ" ಎಂದು ಆಕೆ ನಾಲ್ಕೈದು ಸಲ ಹೇಳಿದರು. ಇನ್ನೇನು ಫೋನ್ ಇಡುತ್ತಾರೆ ಅನ್ನುವಾಗ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು:

"ಅವರು ಎಲ್ಲಾ ಬರೆದಿಟ್ಟಾರೆ. ನಾನು ಬಂದು ಹೇಳ್ತೀನಿ."

ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ನಾನು ಪಿಯುಸಿ ಓದಿದವಳು, ಅದೂ ಆರ್ಟ್ಸ್. ಹರಿಹರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಹತ್ತು ಜನರೆದುರು ನಿಂತು ಮಾತಾಡಿದವಳಲ್ಲ. ಆದರೆ ಆಕೆ ಎಷ್ಟು ಖುಷಿಪಟ್ಟರೆಂದರೆ, ಇಲ್ಲ ಅನ್ನಲು ನನಗೆ ಸಂದಿಯೇ ಸಿಗಲಿಲ್ಲ.

"ಬೋರ್ಡಿಗೆ ಬರೆಸ್ತೀನಿ, ವಿಷಯ ಹೇಳ್ರಿ."

ನೋಟ್‌ಬುಕ್ಕು ಹೊಲಿಗೆ ಮಷೀನಿನ ಪಕ್ಕದ ಗೂಡಿನಲ್ಲೇ ಇತ್ತು. ಅದರ ಕೊನೆಯ ಬರಹದ ತಲೆಬರಹ ಓದಿದೆ. "ಮಂದಾಕಿನಿಗಳು ಗುಂಪು ಸೇರಿದಾಗ ಆಗುವ ಬದಲಾವಣೆಗಳು."

"ಮಂದಾ...?"

"ಕಿನಿ."

ಹೊರಗೆ ಟ್ರ್ಯಾಕ್ಟರ್ ಹೋಗುತ್ತಿತ್ತು. ಆಕೆ "ಸರಿ ರಿ, ಸರಿ ರಿ" ಅಂದರು.

ನಮ್ಮವರು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಓದಿದ್ದು ಐಟಿಐ. ಆಕಾಶದ ಹುಚ್ಚು ಎಲ್ಲಿಂದ ಹತ್ತಿತೋ ಅವರಿಗೂ ಗೊತ್ತಿರಲಿಲ್ಲ. ನೆಟ್ ಸೆಂಟರಿನಲ್ಲಿ ಇಂಗ್ಲಿಷಿನ ಹಾಳೆಗಳನ್ನು ಪ್ರಿಂಟ್ ಹಾಕಿಸಿಕೊಂಡು ಬರುವುದು, ಡಿಕ್ಷನರಿ ಇಟ್ಟುಕೊಂಡು ಪ್ರತಿ ಕಷ್ಟದ ಪದದ ತಲೆಯ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಬರೆಯುವುದು, ಆಮೇಲೆ ಅದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ ಸುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೆ ಹೇಳುವುದು. ಶನಿವಾರ ಬೆಳಗಿನ ಶಾಲೆ ಬಿಡುವ ಮೊದಲು ಒಂದು ತಾಸು. ಮಾಯಕೊಂಡದವರೆಗೂ ಸ್ಕೂಟರಿನಲ್ಲಿ ಹೋಗಿದ್ದೇವೆ. ಹಿಂದೆ ಕೂತು ಸುತ್ತಿದ ಚಾರ್ಟು ಹಿಡಿದುಕೊಳ್ಳುವುದು ನನ್ನ ಕೆಲಸ. ಅವರು ಮಾತಾಡುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತು ಯಾರದ್ದಾದರೂ ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಹಾಗಾಗಿ ಅವರ ಮಾತುಗಳು ನನಗೆ ಅರ್ಧರ್ಧ ಗೊತ್ತು.

ಮಂದಾಕಿನಿ ಎಂಬ ಪದ ಬಂದದ್ದಕ್ಕೂ ಒಂದು ಕಾರಣವಿದೆ. ಮೊದಲು ಅವರೂ ಗ್ಯಾಲಕ್ಸಿ ಅಂತಲೇ ಹೇಳುತ್ತಿದ್ದರು. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಒಂದು ಸಲ, "ನಾವೆಲ್ಲ ಒಂದು ಗ್ಯಾಲಕ್ಸಿಯೊಳಗೆ ಇದೀವಿ" ಅಂದಾಗ ಒಬ್ಬಳು ಎದ್ದು ನಿಂತು, "ಎಷ್ಟು ಜಿಬಿದು ಸಾ?" ಅಂದಳು. ಇಡೀ ಶಾಲೆ ನಕ್ಕಿತು, ಹೆಡ್‌ಮಾಸ್ಟರೂ ನಕ್ಕರು. ಅವತ್ತು ವಾಪಸ್ ಬರುವಾಗ ಅವರು ಸ್ಕೂಟರಿನ ಮೇಲಿಂದಲೇ ಕೂಗಿ ಹೇಳಿದರು: "ಇನ್ನ ಮ್ಯಾಲೆ ಮಂದಾಕಿನಿ ಅಂತೀನಿ ಕಣೆ. ಆ ಹೆಸರಿನ ಫೋನು ಇನ್ನೂ ಬಂದಿಲ್ಲ."

ಕೊನೆಯ ಬರಹವನ್ನು ಓದಲು ಕೂತೆ. ಹೊಲಿಗೆಗೆ ಕೊಟ್ಟವರಿಗೆಲ್ಲ ಎರಡು ದಿನ ತಡ ಎಂದು ಹೇಳಿದೆ. ಅಕ್ಷರ ಗುಂಡಗೆ, ಸಾಲು ನೇರ. ಕಬ್ಬಿಣ ಕೊರೆಯುವವರ ಕೈ ಅದು.

ಮಂದಾಕಿನಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳ ಒಂದು ಊರು. ನಕ್ಷತ್ರಗಳ ನಡುವೆ ತಣ್ಣನೆಯ ಅನಿಲ ಇರುತ್ತದೆ. ಆ ಅನಿಲ ಅಲ್ಲಲ್ಲಿ ಗಟ್ಟಿಗೂಡಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅಕ್ಕಪಕ್ಕದಲ್ಲಿ ಯಾರೂ ಇಲ್ಲದೆ ತನ್ನ ಪಾಡಿಗಿರುವ ಮಂದಾಕಿನಿಯಲ್ಲಿ ಈ ಹುಟ್ಟು ನಡೆಯುತ್ತಲೇ ಇರುತ್ತದೆ. ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ನೀಲಿಯಾಗಿ ಉರಿಯುವುದರಿಂದ ಅದು ನೀಲಿಯಾಗಿ ಕಾಣುತ್ತದೆ. ಆದರೆ ಕೆಲವು ಕಡೆ ನೂರಾರು, ಕೆಲವು ಕಡೆ ಸಾವಿರಾರು ಮಂದಾಕಿನಿಗಳು ಒಂದೇ ಕಡೆ ಗುಂಪುಗೂಡಿರುತ್ತವೆ. ಆ ಗುಂಪಿನ ಭಾರವೇ ಸುತ್ತಲಿನ ಒಂಟಿ ಮಂದಾಕಿನಿಗಳನ್ನು ಎಳೆದುಕೊಳ್ಳುತ್ತದೆ. ಅವು ಗುಂಪಿನೊಳಕ್ಕೆ ಬೀಳುತ್ತವೆ. ಬಿದ್ದ ಮೇಲೆ ಮೊದಲಿನ ಹಾಗಿರುವುದಿಲ್ಲ.

ಇಲ್ಲಿಯವರೆಗೆ ನನಗೆ ಸುಲಭವಾಗಿ ಅರ್ಥವಾಯಿತು. ಮದುವೆಯಾಗಿ ಎಂಟು ಜನರ ಮನೆಗೆ ಬಂದವಳು ನಾನು.

ಮುಂದಿನ ಪುಟದಲ್ಲಿ ಒಂದು ಪದಕ್ಕೆ ಅವರು ಎರಡು ಗೆರೆ ಎಳೆದಿದ್ದರು. "ತೂರೊತ್ತಡ." ಗುಂಪಿನಲ್ಲಿ ಮಂದಾಕಿನಿಗಳ ನಡುವಿನ ಜಾಗ ಖಾಲಿಯಿಲ್ಲ, ಅಲ್ಲಿ ಬಹಳ ತೆಳುವಾದ, ಬಹಳ ಬಿಸಿಯಾದ ಅನಿಲ ತುಂಬಿಕೊಂಡಿದೆ. ಮಂದಾಕಿನಿ ಅದರೊಳಕ್ಕೆ ಜೋರಾಗಿ ನುಗ್ಗುವಾಗ ಎದುರಿಗೆ ಗಾಳಿ ಬೀಸಿದಂತಾಗುತ್ತದೆ. ಆ ಗಾಳಿ ಇದರ ತಣ್ಣನೆಯ ಅನಿಲವನ್ನು ಹೊರಗೆ ಹಾರಿಸಿಬಿಡುತ್ತದೆ. ನಕ್ಷತ್ರಗಳು ಮಾತ್ರ ಗಟ್ಟಿ, ಅವು ಹಾರುವುದಿಲ್ಲ. ಪುಟದ ಅಂಚಿನಲ್ಲಿ ಸಣ್ಣಗೆ ಬರೆದಿತ್ತು: "ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಪದ ಮನೆಯವಳದು."

ಅದನ್ನು ಓದಿ ನಾನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಒಂದು ಸಂಜೆ ಅವರು ಅಡುಗೆಮನೆ ಬಾಗಿಲಲ್ಲಿ ಕೂತು, "ಅಲ್ಲೇ, ಒಂದೇ ಮೊರದಿಂದ ಸುರಿದ್ರೆ ಎರಡು ರಾಶಿ ಹೆಂಗೆ ಆಗ್ತೈತೆ?" ಎಂದು ಕೇಳಿದ್ದರು. ಅವರು ಪೇಟೆಯೊಳಗೆ ಹುಟ್ಟಿದವರು, ಕಣ ನೋಡಿದವರಲ್ಲ. ಸಾರಥಿಯಲ್ಲಿ ನನ್ನ ಅವ್ವ ಎತ್ತರದ ಮೆಟ್ಟಿನ ಮೇಲೆ ನಿಂತು ಭತ್ತ ತೂರುತ್ತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬಂದರೆ ಹೊಟ್ಟು ಒಂದು ಕಡೆ, ಭತ್ತ ಕಾಲಬುಡಕ್ಕೆ. ನಾನು ಫ್ಯಾನ್ ಹಾಕಿ ಮೊರದಲ್ಲಿ ಹುರಿದ ಕಡ್ಲೆಕಾಯಿ ಬೀಜ ಇಟ್ಟುಕೊಂಡು, "ಇದಕ್ಕೆ ತೂರಾದು ಅಂತಾರೆ" ಎಂದು ತೋರಿಸಿದೆ. ಸಿಪ್ಪೆಯೆಲ್ಲ ಅವರ ತಲೆಯ ಮೇಲೆ ಬಿತ್ತು. ತಲೆ ಕೊಡವಿಕೊಳ್ಳದೆ ಹಾಗೇ ಕೂತು, "ಹಂಗಾದ್ರೆ ಅಲ್ಲಿ ಗಾಳಿ ನಿಂತೈತೆ, ಕಾಳೇ ಓಡ್ತೈತೆ" ಅಂದರು. ಅದೇನೆಂದು ನಾನು ಕೇಳಲಿಲ್ಲ. "ಆಮೇಲೆ ಹೇಳ್ರಿ, ಸಾರಿಗೆ ಒಗ್ಗರಣೆ ಹಾಕಬೇಕು" ಅಂದಿದ್ದೆ.

ಬರಹ ಆ ಪುಟದಲ್ಲೇ ನಿಂತಿತ್ತು. ಅನಿಲ ಹಾರಿಹೋದ ಮೇಲೆ ಏನಾಗುತ್ತದೆ ಎಂಬುದು ಅದರಲ್ಲಿರಲಿಲ್ಲ. ಅದಕ್ಕೆ ಅವರ ಪ್ರಿಂಟಿನ ಹಾಳೆಗಳನ್ನೇ ಹಿಡಿಯಬೇಕಾಯಿತು. ಪೆನ್ಸಿಲ್ ಬರಹ ಇರುವವರೆಗೆ ಅವರ ಹಿಂದೆ ಹೋದೆ. ಪೆನ್ಸಿಲ್ ನಿಂತ ಕಡೆಯಿಂದ ಡಿಕ್ಷನರಿ ನಾನು ತೆಗೆದೆ. ಒಂದು ಹಾಳೆಗೆ ನಾಲ್ಕು ದಿನ ಹಿಡಿಯಿತು.

ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನ ತಂಗಿ ಇದ್ದಾಳೆ. ಸುದ್ದಿ ಕೇಳಿದವಳೇ ಸೊಂಟಕ್ಕೆ ಕೈಯಿಟ್ಟಳು.

"ಎಸ್ಸೆಲ್ಸಿ ಸೈನ್ಸ್‌ನಾಗೆ ಮೂವತ್ತೈದು ಬಿದ್ದಿದ್ದು ನಿಂಗೇ ಅಲ್ವೇನೆ?"

"ಮೂವತ್ತೇಳು" ಅಂದೆ.

"ಭಾವ ಹೇಳಂಗೆ ನಿನ್ ಕೈಲಿ ಹೇಳಕಾಗ್ತೈತಾ?"

"ಆಗಲ್ಲ. ಅವರು ಒಂದು ತಾಸು ಹೇಳ್ತಿದ್ರು. ನಾನು ಅರ್ಧ ತಾಸಿಗೆ ಮುಗಿಸ್ತೀನಿ. ಜನ ಖುಷಿ ಪಡ್ತಾರೆ."

ಅವಳು ಹುರುಳಿಕಾಯಿ ಸೋಸುತ್ತಾ ಕೂತು ನನ್ನಿಂದ ಪೂರಾ ಹೇಳಿಸಿದಳು. ಮುಗಿದ ಮೇಲೆ ಅವಳ ತೀರ್ಪು: "ನಿದ್ದೆ ಬಂತು. ಆದ್ರೆ ಒಳ್ಳೆ ನಿದ್ದೆ." ಆಮೇಲೆ ಸ್ವಲ್ಪ ಯೋಚಿಸಿ ಅಂದಳು: "ಮಾತ್ಮಾತಿಗೂ 'ಅವರು ಹೇಳ್ತಿದ್ರು, ಅವರು ಹೇಳ್ತಿದ್ರು' ಅಂತೀಯ. ಕೋರ್ಟಿನಾಗೆ ಸಾಕ್ಷಿ ಹೇಳಂಗೆ. ಅವರು ಹೇಳಿದ್ದು ಆತು, ನೀನು ಹೇಳು."

ನನಗೆ ಅಳುಕಿದ್ದದ್ದು ಅಲ್ಲೇ. ನಾನು ತಪ್ಪು ಹೇಳಿದರೆ ಹೋಗುವುದು ನನ್ನ ಮಾನವಲ್ಲ, ಅವರದು. ಸುತ್ತಲಿನ ಶಾಲೆಗಳಲ್ಲಿ ಇವತ್ತಿಗೂ ಅವರನ್ನು ಆಕಾಶದ ಮೇಷ್ಟ್ರು ಅನ್ನುತ್ತಾರೆ. ಅವರ ಕೊನೆಯ ಮಾತು ನನ್ನ ಬಾಯಲ್ಲಿ ಕೆಡಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ವಾಚನಾಲಯದಲ್ಲಿ ಹೇಳಬೇಕಾದ ದಿನ ಮಧ್ಯಾಹ್ನ ಹರಿಹರದಲ್ಲಿ ಬಸ್ ಹತ್ತಿದೆ. ಕೈಚೀಲದಲ್ಲಿ ನೋಟ್‌ಬುಕ್ಕು, ಚಾರ್ಟು, ಸಾರಥಿಯಿಂದ ತರಿಸಿದ ಒಂದು ಸೇರು ಭತ್ತ, ಒಂದು ಕವರಿನಲ್ಲಿ ಹೊಟ್ಟು. ದಾವಣಗೆರೆಯಲ್ಲಿ ತಂಗಿ ಜೊತೆಯಾದಳು. ವಾಚನಾಲಯ ಇದ್ದದ್ದು ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದೆ. ಓಣಿ ತಿರುಗುವಾಗಲೇ ಬಿಸಿ ಮರಳಿನ, ಉಪ್ಪಿನ ವಾಸನೆ ಮೂಗಿಗೆ ಬಂತು. ಗೋಡೆಗಳ ಮೇಲೆಲ್ಲ ಭಟ್ಟಿಯ ಹೊಗೆ.

ವಾಚನಾಲಯದ ಮುಂದೆ ಹದಿನೈದು ಜೊತೆ ಚಪ್ಪಲಿಗಳಿದ್ದವು. ನಾನು ಐದಾರು ಜನರನ್ನು ಎಣಿಸಿಕೊಂಡು ಬಂದವಳು. ಒಳಗೆ ನೋಡಿದರೆ ಬೆಂಚುಗಳ ತುಂಬ ಹೆಂಗಸರು. ಕೆಲವರ ಸೀರೆ ಅಂಚಿನಲ್ಲಿ ಇನ್ನೂ ಮರಳಿನ ಪುಡಿ. ಎಲ್ಲರೂ ಭಟ್ಟಿಯವರೇ. ಬಿಳಿ ಕೂದಲಿನ ಒಬ್ಬ ಅಜ್ಜಿ ಮುಂದಿನ ಬೆಂಚಿನಿಂದ ಎದ್ದು ಬಂದು ನನ್ನ ಕೈಗೆ ಒಂದು ದೊಡ್ಡ ಮಂಡಕ್ಕಿ ಚೀಲ ಕೊಟ್ಟಳು.

"ಬರ್ರಿ ಮೇಡಮ್ಮಾರೆ, ಕೂಡ್ರಿ. ಇದು ಸ್ಯಾಂಪಲ್."

"ಯಾತ್ರ ಸ್ಯಾಂಪಲ್?" ಅಂದೆ.

"ನಮ್ಮ ಭಟ್ಟಿದು. ನೋಡ್ರಿ, ಒಂದು ಕಾಳು ಅರಳದೇ ಇರದು ಇಲ್ಲ. ಗುಂಪು ಮಾಡಾದಾದ್ರೆ ನಮ್ಮನ್ನ ಮೊದಲು ಬರಕಳ್ರಿ."

ನನಗೆ ತಲೆಬುಡ ತಿಳಿಯಲಿಲ್ಲ. ತಂಗಿ ನನ್ನ ಮೊಣಕೈ ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಹೊರಗಿನ ಕರಿಹಲಗೆಯನ್ನು ಬರುವಾಗ ನಾನು ನೋಡಿರಲಿಲ್ಲ. ಮುತ್ತು ಪೋಣಿಸಿದ ಹಾಗೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

"ಮಂಡಕ್ಕಿಯವರು ಗುಂಪು ಸೇರಿದಾಗ ಆಗುವ ಬದಲಾವಣೆಗಳು. ಎಲ್ಲರಿಗೂ ಸ್ವಾಗತ."

ದಿನಾ ಪೇಪರ್ ಓದಲು ಬರುವ ರಿಟೈರ್ಡ್ ಗುಮಾಸ್ತರೊಬ್ಬರು ಬರೆದ ಬೋರ್ಡು ಅದು. ಗ್ರಂಥಪಾಲಕಿ ಅವರನ್ನು ಮುಂದೆ ತಂದು ನಿಲ್ಲಿಸಿದರು. ಅವರು ಒಂದಿಷ್ಟೂ ಬಗ್ಗಲಿಲ್ಲ.

"ಇವರು ಚೀಟಿಯಾಗೆ ಮಂದಾಕಿನಿಗಳು ಅಂತ ಬರದಿದ್ರು. ದಾವಣಗೆರೆಯಾಗೆ ಅದು ಯಾರಿಗೆ ಗೊತ್ತೈತೆ? ಗುಂಪು ಅಂತ ಬೇರೆ ಐತೆ. ಮಂಡಕ್ಕಿಯವರದ್ದೇ ಸ್ವಸಹಾಯ ಗುಂಪಿಂದು ಇರ್ಬೇಕು, ಅವಸರದಾಗೆ ತಪ್ಪು ಬರದಾರೆ ಅಂತ ನಾನೇ ತಿದ್ದಿದೆ."

ಅವರು ತಿದ್ದಿದ್ದರಿಂದ ಭಟ್ಟಿ ಸಾಲಿನಲ್ಲೆಲ್ಲ ಸುದ್ದಿ ಹಬ್ಬಿತ್ತು. ಹರಿಹರದಿಂದ ಒಬ್ಬ ಮೇಡಂ ಬರುತ್ತಾರೆ, ಮಂಡಕ್ಕಿಯವರಿಗೆ ಗುಂಪು ಮಾಡಿಸುತ್ತಾರೆ. ಇವರೆಲ್ಲ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು.

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದೆ ನಿಂತು, ನಾನು ಗುಂಪು ಮಾಡಿಸುವವಳಲ್ಲ, ಬಟ್ಟೆ ಹೊಲಿಯುವವಳು, ನನ್ನ ಯಜಮಾನರು ಬರೆದ ಆಕಾಶದ ವಿಷಯ ಹೇಳಲು ಬಂದೆ, ಅವರು ಈಗ ಇಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಹಿಂದೆ ಕೂತಿದ್ದ ಇಬ್ಬರು ಚಪ್ಪಲಿ ಮೆಟ್ಟಲು ಹೊರಟೇಬಿಟ್ಟರು. ಅಜ್ಜಿ ಕೂತಲ್ಲಿಂದಲೇ ತಿರುಗಿ ಗದರಿದಳು.

"ಎಲ್ಲಿ ಹೊಂಟ್ರೆ? ಅರ್ಧ ದಿನ ಹೋತು, ಅದೇನ್ ವಾಪಸ್ ಬರ್ತೈತಾ? ಆಯಮ್ಮ ಹರಿಹರದಿಂದ ಬಂದೈತೆ. ಕೂತು ಕೇಳ್ರಿ." ನನ್ನ ಕಡೆ ತಿರುಗಿ, "ಹೇಳಮ್ಮ. ಮಂಡಕ್ಕಿಯಷ್ಟಾದ್ರೂ ರುಚಿ ಇರ್ಬೇಕು ನೋಡು" ಅಂದಳು.

ಮೊದಲ ಹತ್ತು ನಿಮಿಷ ನಾನು ಏನು ಹೇಳಿದೆನೋ ನೆನಪಿಲ್ಲ. ಚಾರ್ಟಿನ ಕಡೆ ಮುಖ ಮಾಡಿ ಬಾಯಿಪಾಠ ಒಪ್ಪಿಸಿರಬೇಕು. ಇಬ್ಬರು ಆಕಳಿಸಿದ್ದು ಗೊತ್ತು. ಗುಂಪಿನೊಳಗೆ ಇರುವ ಮಂದಾಕಿನಿ ಬೇರೆ, ಹೊರಗಿರುವುದು ಬೇರೆ, ಹುಟ್ಟುವಾಗ ಎರಡೂ ಒಂದೇ ತರಹ ಇದ್ದರೂ ಇರುವ ಜಾಗ ಅವುಗಳನ್ನು ಬದಲಾಯಿಸುತ್ತದೆ ಅಂದಾಗ ಮಾತ್ರ ಒಬ್ಬಳು ತಲೆಯಾಡಿಸಿದಳು.

"ಅದು ಖರೇ. ಮಳೆಗಾಲದಾಗೆ ಮೂಟೆ ಬಾಯಿ ಬಿಚ್ಚಿಟ್ರೆ ಮಂಡಕ್ಕಿ ಮೆತ್ತಗಾಗಲ್ವಾ? ಒಂದೇ ಬಾಣಲ್ಯಾಗೆ ಹುರಿದಿದ್ದು ಇನ್ನೊಂದು ಮೂಟೆ ಗರಿಗರಿ ಇರ್ತೈತೆ. ಗಿರಾಕಿ ಬಂದು ನಮ್ಮ ಕೈಗೆ ಬೈತಾರೆ. ತಪ್ಪು ಇಟ್ಟ ಜಾಗದ್ದು."

"ನಿನ್ನ ಕೈದೂ ಐತೆ" ಎಂದು ಪಕ್ಕದವಳು ಅಂದಳು. ನಗೆ ಎದ್ದಿತು. ನಾನು ಚಾರ್ಟು ಬಿಟ್ಟು ಅವರ ಕಡೆ ತಿರುಗಿದೆ.

ತೂರೊತ್ತಡದ ವಿಷಯ ಬಂದಾಗ ಟೇಬಲ್ ಫ್ಯಾನ್ ಕೇಳಿದೆ. ಗ್ರಂಥಪಾಲಕಿ ತಂದಿಟ್ಟರು. ನಾನು ಚೀಲದಿಂದ ಭತ್ತ, ಹೊಟ್ಟು ತೆಗೆಯುತ್ತಿದ್ದೆ, ಅಷ್ಟರಲ್ಲಿ ಅಜ್ಜಿ ಎದ್ದಳು. "ಅದ್ಯಾಕ? ನಮ್ಮ ಸ್ಯಾಂಪಲ್ ಐತಲ್ಲ" ಎಂದವಳೇ ಮಂಡಕ್ಕಿ ಚೀಲ ಬಿಚ್ಚಿ ಎತ್ತಿ ಹಿಡಿದು ಫ್ಯಾನಿನ ಮುಂದೆ ಸುರಿದೇಬಿಟ್ಟಳು.

ಫ್ಯಾನು ಮೂರರ ಮೇಲಿತ್ತು. ಮಂಡಕ್ಕಿಯೆಲ್ಲ ವಾಚನಾಲಯದ ತುಂಬ ಹಾರಿತು. ಪೇಪರ್ ಸ್ಟ್ಯಾಂಡಿನ ಮೇಲೆ, ಬೀರುವಿನ ಮೇಲೆ, ಗುಮಾಸ್ತರ ತಲೆ ಮೇಲೆ, ಹೊಸ ಸುಣ್ಣ ಕಂಡ ಕಿಟಕಿಯ ಸಂದಿಯಲ್ಲಿ. ಹೆಂಗಸರು ಸೆರಗು ಒಡ್ಡಿ ಹಿಡಿಯಲು ಎದ್ದರು, ಒಬ್ಬಳು ಬೆಂಚಿನ ಮೇಲೆ ಹತ್ತಿದಳು. ಗ್ರಂಥಪಾಲಕಿ ಫ್ಯಾನ್ ಆರಿಸಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಗದ್ದಲ ಇಳಿದಾಗ ನಾನು ನೆಲ ತೋರಿಸಿದೆ. ಅಜ್ಜಿಯ ಕಾಲಬುಡದಲ್ಲಿ ಹತ್ತಿಪ್ಪತ್ತು ಕೆಂಪಗಿನ ಗಟ್ಟಿ ಕಾಳು ಬಿದ್ದಿದ್ದವು, ಅರಳದೇ ಉಳಿದವು. ಅಜ್ಜಿ ಬಗ್ಗಿ ನೋಡಿ ಮುಖ ಸಣ್ಣಗೆ ಮಾಡಿದಳು.

"ಅವು ನಮ್ಮವಲ್ಲ. ಇವಳು ಹುರಿದಿದ್ದು."

"ಅಜ್ಜಿ, ಇವತ್ತು ಬಾಣಲೆ ಹಿಡಿದಿದ್ದು ನೀನೇ!"

"ನೋಡ್ರಿ," ಅಂದೆ ನಾನು. "ಈ ಗಟ್ಟಿ ಕಾಳೇ ನಕ್ಷತ್ರ. ಅವು ಗಾಳಿಗೆ ಜಗ್ಗಲ್ಲ, ನೇರ ಬಿದ್ವು. ಹಾರಿದ್ದು ಅನಿಲ. ಆದ್ರೆ ಅಲ್ಲಿ ಫ್ಯಾನ್ ಇಲ್ಲ. ಅದೇ ಜೋರಾಗಿ ಓಡ್ತೈತೆ, ಅದಕ್ಕೇ ಎದುರಿಗೆ ಗಾಳಿ."

"ಗಾಡಿ ಹಿಂದೆ ಕೂತ್ರೆ ಸೆರಗು ಹಾರಂಗೆ" ಎಂದಳು ಬೆಂಚಿನ ಮೇಲೆ ಹತ್ತಿದ್ದವಳು, ಇನ್ನೂ ಕೆಳಗಿಳಿಯದೆ. "ಮರದಾಗೆ ಎಲೆ ಅಳ್ಳಾಡ್ತಿರಲ್ಲ, ನಮ್ಮ ಸೆರಗು ಮಾತ್ರ ಹಾರ್ತಿರ್ತೈತೆ."

ನಾನು ಅವರ ಸ್ಕೂಟರಿನ ಹಿಂದೆ ಎಷ್ಟು ವರ್ಷ ಕೂತಿದ್ದೆ. ಒಂದು ಕೈಯಲ್ಲಿ ಚಾರ್ಟು, ಒಂದು ಕೈಯಲ್ಲಿ ಸೆರಗು. ಅದು ನನಗೆ ಹೊಳೆದಿರಲಿಲ್ಲ. "ಹಂಗೇ ನೋಡವ್ವ" ಅಂದೆ. ಆಮೇಲೆ ಮಾತು ತಾನಾಗಿ ಬಂತು. ಒಬ್ಬೊಬ್ಬರೇ ಕೇಳುತ್ತಾ ಹೋದರು. ಗುಂಪಿಗೆ ಬೀಳುವ ಮೊದಲೇ ಏನಾದರೂ ಆಗುತ್ತದಾ? ಆಗುತ್ತದೆ, ದಾರಿಯಲ್ಲಿ ಸಣ್ಣ ಗುಂಪುಗಳೊಳಗೆ ಸಿಕ್ಕಿಕೊಂಡು ಕೆಲವು ಆಗಲೇ ಅರ್ಧ ಬದಲಾಗಿರುತ್ತವೆ. ಒಂದರ ಪಕ್ಕ ಒಂದು ಹಾದುಹೋದರೆ ಡಿಕ್ಕಿ ಹೊಡೆಯುತ್ತವಾ? ಒಳಗಿನ ನಕ್ಷತ್ರಗಳು ಬಹಳ ದೂರ ದೂರ ಇರುವುದರಿಂದ ಸಾಮಾನ್ಯವಾಗಿ ಒಂದಕ್ಕೊಂದು ತಾಗುವುದಿಲ್ಲ, ಆದರೆ ಹತ್ತಿರ ಹಾದಾಗ ಒಂದನ್ನೊಂದು ಜಗ್ಗಿ ಆಕಾರ ಕೆಡಿಸುತ್ತವೆ. "ಸಂತೆಯಾಗೆ ನುಗ್ಗಿ ಬಂದ ಸೀರೆಯಂಗೆ" ಎಂದು ನನ್ನ ತಂಗಿ ಬಾಯಿ ಹಾಕಿದಳು. ನಿದ್ದೆ ಬಂದವಳು ಅವಳೇ. ಅವರು ಹೇಳ್ತಿದ್ರು ಅನ್ನುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ಗೊತ್ತಾಗಲಿಲ್ಲ.

ಬಾಗಿಲ ಬಳಿ ಒಬ್ಬಳು ಅಜ್ಜಿ ಗದರಿದಾಗಿನಿಂದ ನಿಂತೇ ಇದ್ದಳು. ಚಪ್ಪಲಿ ಮೆಟ್ಟಲು ಹೋದ ಇಬ್ಬರಲ್ಲಿ ಒಬ್ಬಳು. ಮೂವತ್ತರ ಆಚೀಚೆ ವಯಸ್ಸು. ಅವಳು ನಗುವಾಗಲೂ ನಕ್ಕಿರಲಿಲ್ಲ.

"ಅಕ್ಕಾ, ಗ್ಯಾಸ್ ಎಲ್ಲಾ ಹಾರಿ ಹೋದ ಮ್ಯಾಲೆ ಅದು ಸತ್ತಂಗೇನಾ?"

ನೋಟ್‌ಬುಕ್ಕು ನಿಂತದ್ದು ಅಲ್ಲೇ. ನಾನು ಏನೆಂದು ಹೇಳುತ್ತೇನೆ ಎಂದು ಎಲ್ಲರೂ ನನ್ನ ಮುಖ ನೋಡಿದರು. ಬರೀ ಹಣೆಯ ಹೆಂಗಸಿಗೆ ಇದನ್ನು ಕೇಳಬಾರದಿತ್ತೇನೋ ಎಂದು ಅವರಿಗೆ ಅನ್ನಿಸಿರಬೇಕು. ಗ್ರಂಥಪಾಲಕಿ ನೀರಿನ ಲೋಟ ನನ್ನ ಕಡೆ ಸರಿಸಿದರು.

ಆದರೆ ಇದೊಂದು ನನಗೆ ಗೊತ್ತಿತ್ತು. ಪೆನ್ಸಿಲ್ ಗುರುತಿಲ್ಲದ ಹಾಳೆಗಳಲ್ಲಿ ನಾಲ್ಕು ನಾಲ್ಕು ದಿನ ಕೂತು ಓದಿದ್ದೆ.

"ಸಾಯಲ್ಲ" ಅಂದೆ. "ಹೊಸ ನಕ್ಷತ್ರ ಹುಟ್ಟಾದು ನಿಲ್ತೈತೆ. ಮೊದಲಿನ ನೀಲಿ ಬಣ್ಣ ಹೋಗ್ತೈತೆ, ಯಾಕಂದ್ರೆ ದೊಡ್ಡ ನೀಲಿ ನಕ್ಷತ್ರ ಬೇಗ ಉರಿದು ಮುಗೀತಾವೆ. ಸಣ್ಣವು ಇರ್ತಾವಲ್ಲ, ಕೆಂಪಗಿರ್ತಾವೆ, ಅವು ನಿಧಾನಕ್ಕೆ ಉರೀತಾವೆ. ಬಾಳ ಕಾಲ. ನಾವು ಲೆಕ್ಕ ಹಾಕಕಾಗದಷ್ಟು ಕಾಲ. ಅಂಥ ಮಂದಾಕಿನಿ ಕೆಂಪಗೆ ಕಾಣ್ತೈತೆ. ಆಕಾಶದಾಗೆ ಅವು ಬೇಕಾದಷ್ಟು ಅದಾವೆ."

ಅಜ್ಜಿ ನೆಲದ ಮೇಲಿನ ಕಾಳುಗಳನ್ನು ಕಾಲಿನಿಂದ ಒಟ್ಟು ಮಾಡುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಒಲೆಗೆ ಹೊಸ ಹೊಟ್ಟು ಹಾಕಾದು ಬಿಟ್ರೂ ಕೆಂಡ ಇರ್ತೈತಲ್ಲ ಹಂಗೆ. ಕೆಂಡದ ಮ್ಯಾಲೆ ನಾನು ಎರಡು ಮೂಟೆ ಹುರಿದೀನಿ ಎಷ್ಟೋ ಸರ್ತಿ. ಉರಿ ಜೋರಿದ್ದಾಗಿಂತ ಚಲೋ ಬರ್ತೈತೆ, ಸೀಯಲ್ಲ."

"ಮತ್ತೆ ಹಾರಿದ್ದು ಎಲ್ಲಿ ಹೋತು?" ಬಾಗಿಲ ಬಳಿಯವಳು ಬಿಡಲಿಲ್ಲ.

"ಹಿಂದೆ ಬಾಲದಂಗೆ ಉದ್ದಕ್ಕೆ ಎಳಕಂಡು ಬರ್ತೈತೆ. ಎಷ್ಟೋ ಕಡೆ ಆ ಬಾಲದಾಗೇ ಹೊಸ ನಕ್ಷತ್ರ ಹುಟ್ಟಿದ್ದು ಕಂಡಾರೆ. ಮಂದಾಕಿನಿ ಆಚೆ, ಬಯಲಿನಾಗೆ. ಉಳಿದಿದ್ದು ಗುಂಪಿನ ಬಿಸಿ ಅನಿಲದಾಗೆ ಬೆರೀತೈತೆ."

ಅವಳು ಮೆಟ್ಟಿದ್ದ ಚಪ್ಪಲಿ ಬಿಟ್ಟಳು. ಆಮೇ‌ಲೆ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಕೂತು ಇನ್ನೊಂದು ಕೇಳಿದಳು.

"ಒಂದ್ಸಾರಿ ಗುಂಪಿಗೆ ಬಿದ್ದದ್ದು ಮತ್ತೆ ಹೊರಗೆ ಬರ್ತೈತಾ ಅಕ್ಕಾ?"

ಹಾಳೆಗಳಲ್ಲಿ ಎಲ್ಲೋ ಅದರ ಮಾತು ಬಂದಿತ್ತು, ನಾನು ಬಿಟ್ಟು ಮುಂದೆ ಹೋಗಿದ್ದೆ. ಏನಾದರೂ ಹೊಂದಿಸಿ ಹೇಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಗೊತ್ತಿಲ್ಲ" ಅಂದೆ. "ಓದಿಲ್ಲ."

"ಗೊತ್ತಿಲ್ಲ ಅಂದ್ರೆ ಆಗ್ತೈತಾ?" ಅಜ್ಜಿ ಎದ್ದು ಸೀರೆ ಕೊಡವಿದಳು. "ನೋಡ್ಕಂಡು ಬಂದು ಹೇಳು. ಅಮಾಸೆ ದಿನ ಭಟ್ಟಿ ಹಚ್ಚಲ್ಲ ನಾವು, ಅವತ್ತು ಬಾ. ಅರ್ಧ ದಿನ ಬಿಡಾ ಕೆಲಸ ಇರಲ್ಲ. ಹಂಗೇ ಆ ಗುಂಪಿಂದೂ ಒಂಚೂರು ವಿಚಾರಿಸ್ಕಂಡು ಬಾ, ಎಲ್ಲಿ ಅರ್ಜಿ ಕೊಡಬೇಕು ಅಂತ."

"ಗುಂಪಿಂದು ನಾನು ವಿಚಾರಿಸ್ತೀನಿ ಬಿಡು" ಎಂದರು ಗ್ರಂಥಪಾಲಕಿ, ಪೊರಕೆ ಹಿಡಿದುಕೊಂಡು. ಗುಮಾಸ್ತರು ಆಗಲೇ ಸೀಮೆಸುಣ್ಣ ತೆಗೆದಿದ್ದರು. ಮುಂದಿನ ಬೋರ್ಡಿಗೆ ಏನು ಬರೆಯಬೇಕೆಂದು ನನ್ನನ್ನೇ ಕೇಳಿದರು, ಈ ಸಲ ತಿದ್ದುವುದಿಲ್ಲ ಎಂದು ಮಾತು ಕೊಟ್ಟರು. ತಿದ್ದಿದರೂ ಅಡ್ಡಿಯಿಲ್ಲ ಎಂದು ನಾನು ಹೇಳಿದೆ.

ಎಲ್ಲರೂ ಸೇರಿ ಮಂಡಕ್ಕಿ ಗುಡಿಸಿದೆವು. ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ತನ್ನ ಸೀಟಿನ ಮೇಲೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಬಗ್ಗಿ ನೋಡಿದೆ. ಏಳು ತಿಂಗಳಿಂದ ನಾನು ಎಣಿಸಿದ್ದೆಲ್ಲ ಹಿಂದಕ್ಕೇ. ಹನ್ನೊಂದನೆಯ ದಿನ, ತಿಂಗಳು, ಮೂರು ತಿಂಗಳು. ಈಗ ಬೆರಳು ಮಡಚಿ ಮುಂದಕ್ಕೆ ಎಣಿಸಿದೆ. ಹದಿನೆಂಟು ದಿನ ಇತ್ತು. ಹಾಳೆಗೆ ನಾಲ್ಕು ದಿನದಂತೆ, ನಾಲ್ಕು ಹಾಳೆ ಆಗುತ್ತದೆ, ಎರಡು ದಿನ ಮಿಗುತ್ತದೆ.